ಜೊಂಡು ಕಸ ಅಲ್ಲ ಸ್ವಾಮೀ...

ಕೆರೆ ಅಭಿವೃದ್ಧಿಯ ಫೋಟೋಗಳು ಯಾವಾಗಲೂ ಜೋಡಿಯಾಗೇ ಬರುತ್ತವೆ, ಗಮನಿಸಿದ್ದೀರಾ? ಎಡಗಡೆ 'ಮೊದಲು', ಬಲಗಡೆ 'ಈಗ'. ಎಡಗಡೆಯದರಲ್ಲಿ ಅಂಚಿನ ತುಂಬಾ ಆಳೆತ್ತರದ ಜೊಂಡು, ಅದರ ಮಧ್ಯೆ ಸಿಕ್ಕಿಕೊಂಡ ಒಂದೆರಡು ಪ್ಲಾಸ್ಟಿಕ್ ಚೀಲ. ಬಲಗಡೆಯದರಲ್ಲಿ ಅಂಚಿನಿಂದ ಅಂಚಿಗೆ ಬರೀ ನೀರು, ಸುತ್ತಲೂ ಕಲ್ಲು ಕಟ್ಟಿದ ದಡ, ವಾಕಿಂಗ್ ಪಾತ್, ಬಣ್ಣ ಬಳಿದ ಬೆಂಚು. ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋದ ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. "ಎಷ್ಟು ಕ್ಲೀನ್ ಆಯ್ತು ನೋಡಿ!"

ನನ್ನ ತಕರಾರು ಇರೋದು ಆ ಎಡಗಡೆ ಫೋಟೋದ ಬಗ್ಗೆ. ಅದರಲ್ಲಿ ಒಂದು ಹಕ್ಕಿ ಇದ್ದಿರಬಹುದು. ನಿಮಗೆ ಕಾಣಲ್ಲ, ನನಗೂ ಕಾಣಲ್ಲ, ಫೋಟೋ ತೆಗೆದವರಿಗಂತೂ ಖಂಡಿತ ಕಂಡಿರಲ್ಲ. ಯಾರಿಗೂ ಕಾಣದೇ ಇರೋದೇ ಆ ಹಕ್ಕಿಯ ಕಸುಬು. ಕಾಣದೇ ಇದ್ದಿದ್ದರಿಂದಲೇ ಬಲಗಡೆ ಫೋಟೋದಲ್ಲಿ ಅದು ಇಲ್ಲ ಅನ್ನೋದು ಯಾರಿಗೂ ತಿಳಿಯಲ್ಲ. ಅದು ಇತ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ, ಹೋಯ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ. ಇವತ್ತಿನ ಬರಹ ಈ ಹಕ್ಕಿಯ ಪರವಾಗಿ ಒಂದು ಸಣ್ಣ ವಕಾಲತ್ತು. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡಿಕೊಂಡು ಬನ್ನಿ :-)

ಹಕ್ಕಿಯ ಹೆಸರು ಬಿಟರ್ನ್. ಬಕಗಳ ಕುಟುಂಬದ್ದು. ನಾವು ಕನ್ನಡದವರು ಉದ್ದ ಕಾಲು, ಉದ್ದ ಕೊಕ್ಕು ಇರೋದನ್ನೆಲ್ಲ ಕೊಕ್ಕರೆ ಅಂದುಬಿಡ್ತೀವಿ, ಬೆಳ್ಳಗಿದ್ದರೆ ಬೆಳ್ಳಕ್ಕಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳ ಜೊತೆ ಗೂಡು ಕಟ್ಟೋ ಬಣ್ಣದ ಕೊಕ್ಕರೆ ಇದೆಯಲ್ಲ, ಅದು ಬಕ ಅಲ್ಲ, ಬೇರೆಯೇ ಕುಟುಂಬ. ವ್ಯತ್ಯಾಸ ತಿಳಿಯೋಕೆ ಹಾರುವಾಗ ನೋಡಬೇಕು. ಬಣ್ಣದ ಕೊಕ್ಕರೆ ಕುತ್ತಿಗೆಯನ್ನ ಮುಂದಕ್ಕೆ ಚಾಚಿಕೊಂಡು ಹಾರುತ್ತೆ. ಬಕ ಕುತ್ತಿಗೆಯನ್ನ ಇಂಗ್ಲಿಷಿನ ಎಸ್ ಅಕ್ಷರದ ಥರ ಮಡಚಿ ಭುಜದ ಮಧ್ಯೆ ಇಟ್ಟುಕೊಂಡು ಹಾರುತ್ತೆ. ಬಕಗಳ ಕುತ್ತಿಗೆಯ ಆರನೇ ಮೂಳೆಯ ರಚನೆಯೇ ಬೇರೆ, ಅಲ್ಲಿ ಕುತ್ತಿಗೆ ಸ್ಪ್ರಿಂಗ್ ಥರ ಮಡಚಿಕೊಳ್ಳುತ್ತೆ, ಮೀನು ಕಂಡಾಗ ಫಟ್ ಅಂತ ಬಿಚ್ಚಿಕೊಳ್ಳುತ್ತೆ. ಒಂದು ಎಚ್ಚರಿಕೆ ಮಾತ್ರ: ಬಿಟರ್ನ್ ಎದ್ದು ಹತ್ತು ಮಾರು ಹಾರಿ ಮತ್ತೆ ಜೊಂಡಿಗೆ ಬೀಳುವಾಗ ಕುತ್ತಿಗೆ ಮಡಚೋಕೇ ಪುರುಸೊತ್ತು ಇರಲ್ಲ. ಅಷ್ಟನ್ನೇ ನೋಡಿ ತೀರ್ಮಾನ ಮಾಡಬಾರದು.

ನಮ್ಮ ಕರ್ನಾಟಕದಲ್ಲಿ ಮುಖ್ಯವಾಗಿ ಮೂರು ಬಿಟರ್ನ್‌ಗಳಿವೆ. ಹಳದಿ, ಕೆಂಪು, ಕಪ್ಪು. (ಕೆಂಪಿನದಕ್ಕೆ ಇಂಗ್ಲಿಷಿನಲ್ಲಿ ನಮ್ಮ ಅಡುಗೆಮನೆಯ ಚಕ್ಕೆಯ ಹೆಸರಿದೆ. ನನ್ನ ಕಣ್ಣಿಗೆ ಮಾತ್ರ ಅದು ಹೊಸಾ ಮಂಗಳೂರು ಹೆಂಚಿನ ಬಣ್ಣ.) ಇವಲ್ಲದೆ ಉತ್ತರದಿಂದ ಚಳಿಗಾಲಕ್ಕೆ ಬರೋ ದೊಡ್ಡ ಬಿಟರ್ನ್ ಒಂದಿದೆ, ದಕ್ಷಿಣದಲ್ಲಿ ಬಹಳ ಅಪರೂಪ. ಕಾಶ್ಮೀರದ ಕೆರೆಗಳಲ್ಲಿ ಮರಿ ಮಾಡೋ ಚಿಕ್ಕ ಬಿಟರ್ನ್ ಇನ್ನೊಂದು. ಅವನ್ನ ಸದ್ಯಕ್ಕೆ ಬಿಡೋಣ.

ಹಾಗಿದ್ದರೆ ಗುರುತು ಹಿಡಿಯೋದು ಹೇಗೆ? ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಹಕ್ಕಿ ಪುಸ್ತಕದ ಚಿತ್ರ ನೋಡಿ ಬಿಟರ್ನ್ ಕಲಿಯೋಕೆ ಹೊರಟವರು ಕಷ್ಟಪಡ್ತಾರೆ. ಪುಸ್ತಕದಲ್ಲಿ ಅದು ಬಿಳಿ ಹಾಳೆಯ ಮೇಲೆ, ಪೂರ್ತಿ ಮೈ ತೋರಿಸಿಕೊಂಡು, ಪಾಸ್‌ಪೋರ್ಟ್ ಫೋಟೋಗೆ ನಿಂತಂತೆ ನಿಂತಿರುತ್ತೆ. ಕೆರೆಯಲ್ಲಿ ನಿಮಗೆ ಸಿಗೋದು ಎರಡು ಸೆಕೆಂಡು. ಜೊಂಡಿನ ಒಂದು ಮೆಳೆಯಿಂದ ಏಳುತ್ತೆ, ಕಾಲು ಜೋತುಬಿಟ್ಟುಕೊಂಡು ನೀರಿಗೆ ತಾಗೋ ಹಾಗೆ ಕೆಳಗೇ ಹಾರುತ್ತೆ, ಇನ್ನೊಂದು ಮೆಳೆಗೆ ಇಳಿದು ಮಾಯ. ಆ ಎರಡು ಸೆಕೆಂಡಿನಲ್ಲಿ ಎದೆಯ ಗೆರೆ ಎಷ್ಟು, ಕೊಕ್ಕಿನ ಬುಡ ಯಾವ ಬಣ್ಣ ಅಂತ ನೋಡೋಕೆ ಹೋದರೆ ಏನೂ ಸಿಗಲ್ಲ. ನೋಡಬೇಕಾಗಿದ್ದು ರೆಕ್ಕೆ ಮಾತ್ರ.

ಮೊದಲನೇ ಪ್ರಶ್ನೆ: ರೆಕ್ಕೆ ಬಿಳೀನಾ? ಬಿಳಿ ಆಗಿದ್ದರೆ ಮುಗೀತು, ಅದು ಕೊಳದ ಬಕ. ನಮ್ಮೂರ ಪ್ರತೀ ಗದ್ದೆ, ಪ್ರತೀ ಮೋರಿ ಪಕ್ಕದಲ್ಲಿ ಮಂಕಾಗಿ ಕೂತಿರುತ್ತಲ್ಲ, ಅದೇ. ಕೂತಾಗ ಮಣ್ಣು ಬಣ್ಣ, ಗೆರೆ ಗೆರೆ, ಥೇಟ್ ಬಿಟರ್ನ್ ಥರಾನೇ. ಎದ್ದ ತಕ್ಷಣ ಕೊಡೆ ಬಿಚ್ಚಿದ ಹಾಗೆ ಬೆಳ್ಳನೆ ರೆಕ್ಕೆ. "ಬಿಟರ್ನ್ ನೋಡಿದೆ" ಅಂತ ಫೋನ್ ಮಾಡೋ ಗೆಳೆಯರಿಗೆ ನಾನು ಕೇಳೋ ಮೊದಲ ಪ್ರಶ್ನೆ "ಹಾರ್ತಾ?" ಅಂತ. ಹಾರಲಿಲ್ಲ ಅಂದರೆ ಸಂದರ್ಶನ ಮುಂದುವರಿಯಲ್ಲ.

ರೆಕ್ಕೆ ಬಿಳಿ ಇಲ್ಲದಿದ್ದರೆ ಎರಡನೇ ಪ್ರಶ್ನೆ: ಒಂದೇ ಬಣ್ಣಾನಾ, ಎರಡು ಬಣ್ಣಾನಾ? ಹಳದಿ ಬಿಟರ್ನ್‌ನ ರೆಕ್ಕೆ ಎರಡು ಬಣ್ಣದ್ದು. ಭುಜದ ಕಡೆ ಒಣಹುಲ್ಲಿನ ಹಳದಿ, ಹಿಂದಿನ ಅಂಚು ಮತ್ತು ತುದಿ ಕಪ್ಪು. ಬಾಲವೂ ಕಪ್ಪು. ಮರಿಯಾಗಲಿ ದೊಡ್ಡದಾಗಲಿ, ಹೆಣ್ಣಾಗಲಿ ಗಂಡಾಗಲಿ, ಇದು ತಪ್ಪಲ್ಲ. ಕೆಂಪು ಬಿಟರ್ನ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದೇ ಹೆಂಚಿನ ಬಣ್ಣ, ಕಪ್ಪು ಅಂಚು ಇರಲ್ಲ. ಗಂಡಾದರೆ ಬೆನ್ನೂ ಅದೇ ಬಣ್ಣ, ಗಂಟಲಿನಿಂದ ಕೆಳಗೆ ಒಂದು ಕಡುಗೆರೆ. ಹೆಣ್ಣು ಸ್ವಲ್ಪ ಕಂದು, ಹೊಟ್ಟೆ ಕಡೆ ಗೆರೆ ಜಾಸ್ತಿ. ಎಳೆಯದಂತೂ ಚುಕ್ಕೆ, ಗೆರೆ, ಮಚ್ಚೆ ಎಲ್ಲಾ ಸೇರಿ ಕಲಸುಮೇಲೋಗರ, ಆದರೂ ರೆಕ್ಕೆ ಮಾತ್ರ ಗುಟ್ಟು ಬಿಟ್ಟುಕೊಡುತ್ತೆ. ಇವೆರಡೂ ಕೊಳದ ಬಕಕ್ಕಿಂತ ಚಿಕ್ಕವು, ಹೆಚ್ಚುಕಮ್ಮಿ 38 ಸೆಂಟಿಮೀಟರ್. ಕಪ್ಪು ಬಿಟರ್ನ್ ದೊಡ್ಡದು, 58 ಸೆಂಟಿಮೀಟರ್ ಹತ್ತಿರ. ಮೈ ಪೂರ್ತಿ ಕರ್ರಗೆ (ಹೆಣ್ಣು ಕಡು ಕಂದು), ಕುತ್ತಿಗೆಯ ಪಕ್ಕದಲ್ಲಿ ಮಾತ್ರ ಅರಿಶಿನ ಬಳಿದ ಹಾಗೆ ಒಂದು ಉದ್ದ ಪಟ್ಟೆ. ಹಾರುವಾಗ ದೂರದಿಂದ ನೀರುಕಾಗೆ ಅಂದುಕೊಂಡು ಬಿಟ್ಟುಬಿಡೋ ಸಾಧ್ಯತೆ ಜಾಸ್ತಿ.

ಇನ್ನೊಂದು ಗೊಂದಲ ಇರುಳು ಬಕದ ಮರಿಯದು. ಕಂದು ಮೈ, ಅದರ ಮೇಲೆ ಬಿಳಿ ಚುಕ್ಕೆ, ದಪ್ಪ ಕುತ್ತಿಗೆ. ಸಂಜೆ ಹೊತ್ತು ತಲೆ ಮೇಲೆ 'ಕ್ವಾಕ್' ಅಂತ ಒಂದು ಸಲ ಕೂಗಿ ಎತ್ತರದಲ್ಲಿ ಹಾರಿಹೋಗುತ್ತೆ. ಬಿಟರ್ನ್ ಅಷ್ಟು ಧೈರ್ಯ ಮಾಡೋದು ಕಡಿಮೆ.

ಅಂದ ಹಾಗೆ, ಸಾಫ್ಟ್‌ವೇರಿನವರಿಗೆ ಒಂದು ಖುಷಿ ವಿಚಾರ. ಹಕ್ಕಿ ಶಾಸ್ತ್ರದವರೂ ರಿಫ್ಯಾಕ್ಟರಿಂಗ್ ಮಾಡ್ತಾರೆ! ಈ ಚಿಕ್ಕ ಬಿಟರ್ನ್‌ಗಳಿಗೆ ಬಹಳ ಕಾಲ ಇಕ್ಸೊಬ್ರೈಕಸ್ ಅಂತ ಬೇರೆ ಕುಲ ಇತ್ತು, ದೊಡ್ಡವಕ್ಕೆ ಬೊಟಾರಸ್. ಡಿಎನ್‌ಎ ತೆಗೆದು ನೋಡಿದರೆ ಆ ಗಡಿ ನಿಲ್ಲಲಿಲ್ಲ. 2024ರಲ್ಲಿ ಇ-ಬರ್ಡ್ ಬಳಸೋ ಪಟ್ಟಿಯಲ್ಲಿ ಎಲ್ಲವನ್ನೂ ಬೊಟಾರಸ್‌ಗೆ ಸೇರಿಸಿಬಿಟ್ಟರು. ಹಳೇ ಪುಸ್ತಕ ಇಟ್ಟುಕೊಂಡವರು ಹೆಸರು ಬೇರೆ ಇದೆ ಅಂತ ಗಾಬರಿಯಾಗಬೇಡಿ, ಹಕ್ಕಿ ಅದೇ.

ಈಗ ಅಸಲು ವಿಷಯ. ಈ ಹಕ್ಕಿ ಅಡಗೋದು ಹೇಗೆ ಅಂತ ತಿಳಿದರೆ ಜೊಂಡು ಯಾಕೆ ಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಕೊಳದ ಬಕವನ್ನ ಹೆದರಿಸಿದರೆ ಹಾರಿಹೋಗುತ್ತೆ. ಬಿಟರ್ನ್ ಹೆದರಿದರೆ ನಿಂತುಬಿಡುತ್ತೆ. ಬರೀ ನಿಲ್ಲೋದಲ್ಲ. ಕುತ್ತಿಗೆಯನ್ನ ನೆಟ್ಟಗೆ ಮೇಲಕ್ಕೆ ಚಾಚಿ, ಕೊಕ್ಕನ್ನ ಆಕಾಶಕ್ಕೆ ತೋರಿಸಿ, ಮೈಯನ್ನ ಸಣ್ಣ ಮಾಡಿಕೊಂಡು ಒಂದು ಜೊಂಡಿನ ಕಡ್ಡಿ ಆಗಿಬಿಡುತ್ತೆ. ಗಂಟಲು, ಎದೆಯ ಮೇಲಿನ ಉದ್ದುದ್ದ ಗೆರೆಗಳು ಜೊಂಡಿನ ಬಿಸಿಲು ನೆರಳಿನ ಗೆರೆಗೆ ಹೊಂದಿಕೊಂಡುಬಿಡುತ್ತವೆ. ನೀವು ಪಕ್ಕಕ್ಕೆ ಸರಿದರೆ ಅದೂ ನಿಧಾನಕ್ಕೆ ತಿರುಗಿ ಎದೆಯನ್ನೇ ನಿಮ್ಮ ಕಡೆ ಇಟ್ಟುಕೊಳ್ಳುತ್ತೆ. ಗಾಳಿ ಬೀಸಿ ಜೊಂಡು ತೂಗಿದರೆ ಅದೂ ಜೊತೆಗೆ ತೂಗುತ್ತೆ! ಇನ್ನೊಂದು ಮಜಾ ಏನೆಂದರೆ ಅದರ ಕಣ್ಣು ಕೂತಿರೋ ಜಾಗ. ಕೊಕ್ಕಿಗಿಂತ ಕೆಳಗೂ ನೋಡೋ ಹಾಗೆ ಇದೆ. ಮಾಮೂಲಿ ಹೊತ್ತಿನಲ್ಲಿ ಕಾಲ ಬುಡದ ಮೀನು ನೋಡೋಕೆ ಅದು ಅನುಕೂಲ. ಕೊಕ್ಕು ಮೇಲೆ ಮಾಡಿ ನಿಂತಾಗ ಅದೇ ಕಣ್ಣು ಗದ್ದದ ಎರಡೂ ಪಕ್ಕದಿಂದ ನೇರ ನಿಮ್ಮನ್ನೇ ದಿಟ್ಟಿಸುತ್ತಿರುತ್ತೆ. ಮೊದಲ ಸಲ ದುರ್ಬೀನಿನಲ್ಲಿ ಅದನ್ನ ಕಂಡಾಗ ನನಗೆ ಸ್ವಲ್ಪ ನಾಚಿಕೆಯೇ ಆಯ್ತು. ಎಷ್ಟು ಹೊತ್ತಿಂದ ನೋಡ್ತಿತ್ತೋ ಏನೋ.

ಅದರ ಕಾಲ್ಬೆರಳು ನೋಡಬೇಕು, ಮೈಗೆ ಹೋಲಿಸಿದರೆ ವಿಪರೀತ ಉದ್ದ. ಎರಡು ಕಾಲಲ್ಲಿ ಎರಡು ಬೇರೆ ಬೇರೆ ಕಡ್ಡಿ ಹಿಡಿದುಕೊಂಡು, ನೀರಿನ ಮೇಲೆ, ಮಧ್ಯದಲ್ಲಿ ಜೋತುಬಿದ್ದ ಹಾಗೆ ನಿಂತು ಮೀನಿಗೆ ಕಾಯುತ್ತೆ. ಅಂದರೆ ಅದಕ್ಕೆ ದಡ ಬೇಡ, ಬರೀ ನೀರೂ ಆಗಲ್ಲ. ನೀರಿನೊಳಗೆ ನಿಂತ ಕಡ್ಡಿ ಬೇಕು. ಲೋಳೆ ಮೀನು ಹಿಡಿದು ಪುಕ್ಕ ಅಂಟಾದರೆ ತೊಳೆಯೋಕೂ ವ್ಯವಸ್ಥೆ ಇದೆ. ಎದೆ ಮತ್ತು ಸೊಂಟದ ಹತ್ತಿರ ಪುಡಿ ಉದುರಿಸೋ ವಿಶೇಷ ಪುಕ್ಕಗಳಿವೆ, ಬಿಟರ್ನ್‌ಗಳಿಗೆ ಎರಡು ಜೊತೆ, ಬೇರೆ ಬಕಗಳಿಗೆ ಸಾಮಾನ್ಯವಾಗಿ ಮೂರು. ಆ ಪುಡಿ ಬಳಿದುಕೊಂಡು ನಡುಬೆರಳಿನ ಉಗುರಿನಲ್ಲಿರೋ ಬಾಚಣಿಗೆ ಹಲ್ಲಿನಿಂದ ಬಾಚಿಕೊಳ್ಳುತ್ತೆ. ಪೌಡರ್ ಬಾಚಣಿಗೆ ಎರಡೂ ಮೈಮೇಲೇ.

ಇಷ್ಟೆಲ್ಲ ಹೊಂದಿಕೆ ಒಂದೇ ಒಂದು ಜಾಗಕ್ಕೆ. ನೀರು ನಿಂತ ಜೊಂಡಿನ ಅಂಚು. ಆ ಗೆರೆ ಗೆರೆ ಮೈ ಕಲ್ಲು ಕಟ್ಟಿದ ದಡದ ಮೇಲೆ ಏನು ಪ್ರಯೋಜನಕ್ಕೆ ಬಂತು?

ಸರಿ, ಎಷ್ಟು ಇವೆ ಅಂತ ಎಣಿಸಿದ್ದೀವಾ? ಇಲ್ಲಿ ನನ್ನ ಆಫೀಸಿನ ಭಾಷೆ ಸ್ವಲ್ಪ ಬಳಸಬೇಕು, ಕ್ಷಮಿಸಿ. ಡೇಟಾಬೇಸಿನಲ್ಲಿ 'ಸೊನ್ನೆ' ಬೇರೆ, 'ನಲ್' ಬೇರೆ. ಪರೀಕ್ಷೆ ಬರೆದು ಸೊನ್ನೆ ತಗೊಂಡ ಹುಡುಗನಿಗೂ ಪರೀಕ್ಷೆಗೇ ಬರದ ಹುಡುಗನಿಗೂ ಇರೋ ವ್ಯತ್ಯಾಸ ಅದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲರಿಗೂ ಈ ಪಾಠ ಆಗುತ್ತೆ. ನಲ್ ಇರೋ ಕಡೆ ಸೊನ್ನೆ ಅಂತ ಓದಿದ ರಿಪೋರ್ಟು ನೋಡೋಕೆ ಚೆನ್ನಾಗೇ ಇರುತ್ತೆ, ಆದರೆ ಸುಳ್ಳು ಹೇಳುತ್ತೆ. ನಮ್ಮ ಕೆರೆಗಳ ಹಕ್ಕಿ ಪಟ್ಟಿಯಲ್ಲಿ ಬಿಟರ್ನ್ ಎದುರಿಗೆ ಇರೋ ಖಾಲಿ ಜಾಗ ಬಹುಪಾಲು ನಲ್. ಅದನ್ನ ಓದೋರು ಮಾತ್ರ ಸೊನ್ನೆ ಅಂತ ಓದ್ತಾರೆ.

ಯಾಕೆ ನಲ್? ನಾವು ಎಣಿಸೋ ಹೊತ್ತೇ ಅದಕ್ಕೆ ಆಗಿಬರಲ್ಲ. ನೀರುಹಕ್ಕಿಗಳ ದೊಡ್ಡ ಗಣತಿ, 1987ರಿಂದ ನಡೀತಿರೋ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ನಡೆಯೋದು ಜನವರಿಯಲ್ಲಿ. ಬಾತುಕೋಳಿ, ಹೆಬ್ಬಾತು ಮುಂತಾದ ಚಳಿಗಾಲದ ವಲಸೆ ಹಕ್ಕಿಗಳನ್ನ ಎಣಿಸೋಕೆ ಅದು ಸರಿಯಾದ ಕಾಲ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಮ್ಮ ಬಿಟರ್ನ್‌ಗಳು ಗೂಡು ಕಟ್ಟೋದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಆಸುಪಾಸು. ಆಗ ಕೂಗುತ್ತವೆ, ಒಂದನ್ನೊಂದು ಅಟ್ಟಿಸಿಕೊಂಡು ಜೊಂಡಿನ ಮೇಲೆ ಹಾರಾಡುತ್ತವೆ, ಮರಿಗೆ ತಿನ್ನಿಸೋಕೆ ಓಡಾಡುತ್ತವೆ. ಆಗ ನಾವು ಮಳೆ ಅಂತ ಮನೇಲಿರ್ತೀವಿ. ಜನವರಿಯಲ್ಲಿ ಬೆಳಗ್ಗೆ ಎಂಟಕ್ಕೆ ಏರಿ ಮೇಲೆ ನಿಂತು ತೆರೆದ ನೀರಿನ ಕಡೆ ದುರ್ಬೀನು ಹಿಡೀತೀವಿ. ಅದು ಜೊಂಡಿನೊಳಗೆ ಕಡ್ಡಿಯಾಗಿ ನಿಂತು ನಮ್ಮನ್ನ ನೋಡ್ತಿರುತ್ತೆ!

ನಾವು ಕಾಪಾಡೋ ಜಾಗಗಳ ಪಟ್ಟಿ ನೋಡಿದರೂ ಇದೇ ಕಥೆ. ರಂಗನತಿಟ್ಟು 1940ರಲ್ಲೇ ಪಕ್ಷಿಧಾಮ ಆಯ್ತು, ಸಲೀಂ ಅಲಿಯವರ ಮಾತಿನ ಮೇಲೆ. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ ಅದೇ ಆಯ್ತು. ಆಮೇಲೆ 2024ರಲ್ಲಿ ಗದಗದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಸೇರಿದವು. ಬಹಳ ಸಂತೋಷ. ಆದರೆ ಗಮನಿಸಿ, ಮಾಗಡಿ ಅಂದರೆ ಪಟ್ಟೆ ತಲೆಯ ಹೆಬ್ಬಾತು, ರಂಗನತಿಟ್ಟು ಅಂದರೆ ಮರದ ತುಂಬಾ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಎಲ್ಲವೂ ಗುಂಪಲ್ಲಿರೋವು, ದೂರಕ್ಕೇ ಕಾಣೋವು. ಒಂಟಿಯಾಗಿ ಜೊಂಡಿನೊಳಗೆ ಗೂಡು ಕಟ್ಟೋ ಹಕ್ಕಿಗೆ ಯಾರು ಬೋರ್ಡು ಹಾಕ್ತಾರೆ? ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಮೂರೂ 'ಸದ್ಯಕ್ಕೆ ಚಿಂತೆಯಿಲ್ಲ' ಅನ್ನೋ ಗುಂಪಿನಲ್ಲಿವೆ. ಅವು ಭಾರತದಿಂದ ಪೂರ್ವ ಏಷ್ಯಾ, ಇಂಡೊನೇಷ್ಯಾವರೆಗೂ ಹರಡಿಕೊಂಡಿವೆ, ಕಪ್ಪಿನದಂತೂ ಆಸ್ಟ್ರೇಲಿಯಾದಲ್ಲೂ ಇದೆ. ಆದರೆ ಅದು ಇಡೀ ಜಾತಿಯ ಲೆಕ್ಕ. ನಿಮ್ಮ ಮನೆ ಪಕ್ಕದ ಕೆರೆಯಲ್ಲಿದ್ದ ಎರಡು ಜೋಡಿಯ ಲೆಕ್ಕ ಅದರಲ್ಲಿ ಬರಲ್ಲ.

ಕಾಣದ ಹಕ್ಕಿಯನ್ನ ಎಣಿಸೋಕೆ ಆಗೋದೇ ಇಲ್ಲ ಅನ್ನೋರಿಗೆ ಇಂಗ್ಲೆಂಡಿನ ಉದಾಹರಣೆ ಹೇಳಬೇಕು. ಅಲ್ಲಿರೋದು ನಾನು ಆಗಲೇ ಹೇಳಿದ ದೊಡ್ಡ ಬಿಟರ್ನ್. ಬೇಟೆಯಿಂದ, ಜೌಗು ಒಣಗಿಸಿ ಹೊಲ ಮಾಡಿದ್ದರಿಂದ ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ಅದು ಮರಿ ಮಾಡೋದೇ ನಿಂತುಹೋಗಿತ್ತು. 1911ರಲ್ಲಿ ಎಮ್ಮಾ ಟರ್ನರ್ ಅನ್ನೋ ಛಾಯಾಗ್ರಾಹಕಿ ನಾರ್ಫೋಕ್‌ನ ಜೌಗಿನಲ್ಲಿ ಒಂದು ಬಿಟರ್ನ್ ಮರಿಯ ಫೋಟೋ ತೆಗೆದರು. ಹಕ್ಕಿ ವಾಪಸ್ ಬಂದಿದೆ ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ. ಆಮೇಲೆ ಹೆಚ್ಚಿತು, 1950ರ ದಶಕದ ನಂತರ ಮತ್ತೆ ಇಳೀತು. 1997ರಲ್ಲಿ ಎಣಿಸಿದಾಗ ಇಡೀ ಬ್ರಿಟನ್ನಿನಲ್ಲಿ ಕೂಗೋ ಗಂಡುಗಳು 11!

ಎಣಿಸಿದ್ದು ಹೇಗೆ? ನೋಡಿ ಅಲ್ಲ, ಕೇಳಿ. ಗಂಡು ಬಿಟರ್ನ್ ಅನ್ನನಾಳಕ್ಕೆ ಗಾಳಿ ತುಂಬಿಕೊಂಡು ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ 'ಊಂಪ್' ಅಂತ ಶಬ್ದ ಮಾಡುತ್ತೆ, ಅದು ಕಿಲೋಮೀಟರುಗಟ್ಟಲೆ ಕೇಳುತ್ತೆ. ಒಂದೊಂದು ಗಂಡಿನ ದನಿಯೂ ಬೇರೆ. ದನಿ ರೆಕಾರ್ಡ್ ಮಾಡಿ, ಅದರ ಚಿತ್ರ ತೆಗೆದು, ಇದು ಈ ಗಂಡು ಅದು ಆ ಗಂಡು ಅಂತ ಗುರುತಿಸಿದರು. ಕೆಲವಕ್ಕೆ ರೇಡಿಯೋ ಕಟ್ಟಿ ಎಲ್ಲಿ ಬೇಟೆಯಾಡುತ್ತವೆ ಅಂತ ನೋಡಿದರು. ತಿಳಿದಿದ್ದು ಇಷ್ಟು: ಹಕ್ಕಿಗೆ ಬೇಕಾಗಿರೋದು ನೀರಿನಲ್ಲಿ ನಿಂತ ಜೊಂಡು, ಅದರ ಅಂಚಿನಲ್ಲಿ ತೆರೆದ ನೀರು, ಆ ಅಂಚಿಗೆ ಬರೋ ಮೀನು. ಹಳೇ ಜೊಂಡುಗಳಲ್ಲಿ ವರ್ಷ ವರ್ಷ ಎಲೆ ಕೊಳೆತು ನೆಲ ಎತ್ತರವಾಗಿ, ಒಣಗಿ, ಮೀನು ಒಳಗೆ ಬರೋಕಾಗದೆ ಹಕ್ಕಿ ಕಡಿಮೆಯಾಗಿತ್ತು. ಆದ್ದರಿಂದ ಅವರು ಜೊಂಡನ್ನ ಸುಮ್ಮನೆ ಬಿಡಲಿಲ್ಲ. ಒಣಗಿದ ಕಡೆ ನೆಲ ತಗ್ಗಿಸಿದರು, ಪಾಳಿ ಮೇಲೆ ಕತ್ತರಿಸಿದರು, ನಡುವೆ ಕಾಲುವೆ ಮಾಡಿ ಮೀನು ಬಿಟ್ಟರು. ಸಾಮರ್ಸೆಟ್‌ನ ಹ್ಯಾಮ್ ವಾಲ್‌ನಲ್ಲಿ ಗೊಬ್ಬರದ ಮಣ್ಣು ಅಗೆದು ಬಿಟ್ಟ ಗುಂಡಿಗಳಲ್ಲೇ ಹೊಸದಾಗಿ ಜೊಂಡು ನೆಟ್ಟರು. ಹನ್ನೊಂದು ಇದ್ದಿದ್ದು ಈಚಿನ ವರ್ಷಗಳಲ್ಲಿ ಇನ್ನೂರು ದಾಟಿದೆ.

ಈ ಕಥೆಯಲ್ಲಿ ನನಗೆ ಇಷ್ಟವಾಗೋದು ಆ ಸಂಖ್ಯೆ ಏರಿದ್ದಲ್ಲ. ಅವರಿಗೂ ಜೆಸಿಬಿ ಬೇಕಾಯ್ತು ಅನ್ನೋದು. "ಪರಿಸರದವರು ಏನೂ ಮಾಡೋಕೆ ಬಿಡಲ್ಲ" ಅಂತ ನಮ್ಮಲ್ಲಿ ಬೈಗುಳ ಇದೆ. ಮಾಡಬೇಡಿ ಅಂತಲ್ಲ, ಏನು ಮಾಡ್ತಿದ್ದೀವಿ ಅಂತ ತಿಳಿದು ಮಾಡಿ ಅಂತ.

ನಮ್ಮ ಕೆರೆಗಳ ವಿಷಯಕ್ಕೆ ಬರೋಣ. ಕೆರೆ ಅಂದರೆ ಬೋಗುಣಿ ಅಲ್ಲ. ಹಿಂದಿನವರು ಹಳ್ಳದ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿದರು. ಏರಿ ಕಡೆ, ತೂಬಿನ ಹತ್ತಿರ ಆಳ. ನೀರು ಒಳಗೆ ಬರೋ ಕಡೆ ನಿಧಾನಕ್ಕೆ ತೆಳುವಾಗುತ್ತಾ ಹೋಗಿ ಮೊಣಕಾಲುದ್ದ, ಗೇಣುದ್ದ, ಆಮೇಲೆ ಕೆಸರು, ಆಮೇಲೆ ಹುಲ್ಲು. ಜೊಂಡು ಬೆಳೆಯೋದು ಆ ತೆಳು ನೀರಲ್ಲಿ. ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ತೆರೆದುಕೊಳ್ಳೋ ಆ ಜಾಗ ಸರ್ವೆ ನಕ್ಷೆಯಲ್ಲಿ ಕೆರೆಯೊಳಗೇ ಇದೆ, ಆದರೆ ನೋಡೋರ ಕಣ್ಣಿಗೆ 'ವೇಸ್ಟ್'. ಈಗ ಬೆಂಗಳೂರಿನ ಅಭಿವೃದ್ಧಿ ಏನು ಮಾಡುತ್ತೆ? ಹೂಳು ತೆಗೆಯೋ ಹೆಸರಲ್ಲಿ ಎಲ್ಲ ಕಡೆಯೂ ಒಂದೇ ಆಳ ತೋಡುತ್ತೆ. ತೋಡಿದ ಮಣ್ಣು ಸುತ್ತಲೂ ಹಾಕಿ ಉಂಗುರದ ಹಾಗೆ ವಾಕಿಂಗ್ ಪಾತ್. ತೆಳು ನೀರಿನ ಜಾಗ ಅರ್ಧ ಪಾತ್‌ನ ಕೆಳಗೆ, ಅರ್ಧ ಆಳದ ನೀರಿನೊಳಗೆ. ಆಮೇಲೆ ಅದರಲ್ಲಿ ನೀರುಕಾಗೆ ಬರುತ್ತೆ, ನಾಮಗೋಳಿ ಬರುತ್ತೆ, ಜನ "ನೋಡಿ ಹಕ್ಕಿ ಬಂತು" ಅಂತಾರೆ. ಬಂತು, ಸುಳ್ಳಲ್ಲ. ಹೋಗಿದ್ದು ಯಾವುದು ಅಂತ ಮಾತ್ರ ಯಾರೂ ಕೇಳಲ್ಲ.

ನಮ್ಮ ಮನೆ ಹತ್ತಿರದ ಒಂದು ಕೆರೆಯಲ್ಲಿ (ಹೆಸರು ಬೇಡ) ಕೆಲಸ ಶುರುವಾಗೋ ಮುಂಚೆ ನಡೆದ ಒಂದು ಸಭೆಗೆ ಹೋಗಿದ್ದೆ. ಜೊಂಡು ಸ್ವಲ್ಪ ಉಳಿಸೋಣ ಅಂದೆ. ವಾಕಿಂಗ್ ಬರೋ ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರು, "ಅಲ್ಲಪ್ಪಾ, ಅದರಲ್ಲಿ ಹಾವು ಇರುತ್ತೆ, ಸೊಳ್ಳೆ ಆಗುತ್ತೆ. ನೀನು ಹಕ್ಕಿ ಅಂತೀಯ, ಎಲ್ಲಿದೆ ತೋರಿಸು ನೋಡೋಣ?" ತೋರಿಸೋಕೆ ಆಗಲಿಲ್ಲ. "ಅಂಕಲ್, ಕಾಣದೇ ಇರೋದೇ ಅದರ ಗುರುತು" ಅಂದರೆ ಯಾವ ಸಭೆಯಲ್ಲಿ ಒಪ್ತಾರೆ ಹೇಳಿ! ಎಲ್ಲರೂ ನಕ್ಕರು, ನಾನೂ ನಕ್ಕೆ. ಸಭೆ ಮುಗಿದ ಮೇಲೆ, ಆ ಕೆರೆಯಲ್ಲಿ ತೆಪ್ಪದಲ್ಲಿ ಬಲೆ ಹಾಕೋ ಮೀನುಗಾರರೊಬ್ಬರನ್ನ ಕೇಳಿದೆ. ಕೆಂಪಗೆ, ಕೊಳದ ಬಕಕ್ಕಿಂತ ಸಣ್ಣಕೆ, ಜೊಂಡಿನೊಳಗೆ ಇರುತ್ತಲ್ಲ ಅಂದೆ. "ಅದಾ ಸಾ? ಮಳೆಗಾಲದಾಗೆ ಒಳಗೆ ಕಡ್ಡಿ ಬಗ್ಗಿಸ್ಕಂಡು ಮೊಟ್ಟೆ ಇಕ್ತದೆ. ತೆಪ್ಪ ಹತ್ರ ಹೋದ್ರೂ ಅಲ್ಲಾಡಕಿಲ್ಲ" ಅಂದರು. ಸಭೆಗೆ ಅವರನ್ನ ಯಾರೂ ಕರೆದಿರಲಿಲ್ಲ.

ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ನಗರದ ಕೆರೆಗಳಲ್ಲಿ ಇವತ್ತು ಜೊಂಡು ಅಷ್ಟು ಹುಲುಸಾಗಿರೋದು ಕೊಳಚೆ ನೀರಿನ ಗೊಬ್ಬರದಿಂದ. ಬಿಟ್ಟರೆ ಕೆರೆ ಪೂರ್ತಿ ಮುಚ್ಚಿಬಿಡುತ್ತೆ, ತೆರೆದ ನೀರೇ ಇರಲ್ಲ. ಅಂಥಾ ಕಡೆ ಬಿಟರ್ನ್‌ಗೂ ಕಷ್ಟವೇ, ಅದಕ್ಕೆ ಬೇಕಾಗಿರೋದು ಅಂಚು, ಅಂಚು ಇರಬೇಕಾದರೆ ಎರಡೂ ಕಡೆ ಎರಡು ಥರ ಇರಬೇಕು. ಕತ್ತರಿಸೋದು ಬೇಕು. ಅಂತರಗಂಗೆ ಅಂತ ಕರೀತಾರಲ್ಲ, ನೇರಳೆ ಹೂ ಬಿಡೋ ತೇಲುವ ಕಳೆ, ಅದು ಹೊರಗಿಂದ ಬಂದಿದ್ದು, ಅದನ್ನ ತೆಗೆಯೋರಿಗೆ ನನ್ನದೂ ಒಂದು ಕೈಮುಗಿದ ಇಮೋಜಿ. ಆದರೆ ಆ ಕಳೆಯನ್ನೂ ಬೇರು ಬಿಟ್ಟು ನಿಂತ ಜೊಂಡನ್ನೂ ಒಂದೇ ಟೆಂಡರಿನಲ್ಲಿ 'ಕಳೆ ತೆಗೆಯುವುದು' ಅಂತ ಬರೆದರೆ ಜೆಸಿಬಿ ಓಡಿಸೋ ಹುಡುಗ ಏನು ಮಾಡ್ತಾನೆ ಪಾಪ?

ನನ್ನ ಬೇಡಿಕೆ ದೊಡ್ಡದೇನಲ್ಲ. ನೀರು ಒಳಬರೋ ಕಡೆಯ ಇಳಿಜಾರನ್ನ ಇಳಿಜಾರಾಗೇ ಬಿಡಿ, ಅಲ್ಲಿ ತೋಡಬೇಡಿ. ಆ ಕಡೆ ಪಾತ್ ಬೇಡ. ಮೂರು ದಿಕ್ಕಿನಲ್ಲಿ ನಡೆದು ವಾಪಸ್ ಬಂದರೆ ಯಾರ ಶುಗರೂ ಏರಲ್ಲ. ಜೊಂಡನ್ನ ಒಂದೇ ಸಲ ಬೋಳಿಸದೆ ಒಂದು ವರ್ಷ ಒಂದು ಭಾಗ, ಮುಂದಿನ ವರ್ಷ ಇನ್ನೊಂದು ಭಾಗ. ಅದೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬರೋ ನೀರು ಕೆರೆ ಸೇರೋಕೆ ಮುಂಚೆ ಜೊಂಡಿನ ಜೌಗೊಂದನ್ನ ದಾಟಿ ಬರೋ ಹಾಗೆ ಮಾಡಿದ್ದಾರೆ. ಉಳಿದ ಸಾರಜನಕ, ರಂಜಕವನ್ನ ಗಿಡಗಳು ಹೀರಿಕೊಳ್ಳುತ್ತವೆ. ಜೊಂಡು ಅಲ್ಲಿ ಕೆಲಸಗಾರ. ಅದನ್ನ ನೋಡಿದ ಮೇಲೂ ಕಸ ಅಂದರೆ ಏನು ಹೇಳೋದು.

ಕ್ಯಾಮೆರಾದವರಿಗೂ ಒಂದು ಮಾತು ಹೇಳಿಬಿಡ್ತೀನಿ, ಬೈದುಕೊಂಡರೂ ಪರವಾಗಿಲ್ಲ. ಬಿಟರ್ನ್ ಏಳಲಿ ಅಂತ ಜೊಂಡಿಗೆ ಕಲ್ಲು ಎಸೆಯೋದು, ಫೋನಿನಲ್ಲಿ ಅದರ ಕೂಗನ್ನ ಮತ್ತೆ ಮತ್ತೆ ಹಾಕೋದು, ಇವನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಗೂಡಿನ ಮೇಲೆ ಕೂತ ಹಕ್ಕಿ ಏಳಲ್ಲ, ಕೊನೇ ಕ್ಷಣದ ತನಕ ಕಡ್ಡಿಯಾಗೇ ನಿಲ್ಲುತ್ತೆ. ಅದು ಎದ್ದಿತು ಅಂದರೆ ಅಷ್ಟು ಹೆದರಿದೆ ಅಂತ ಅರ್ಥ. ಆ ಫೋಟೋಗೆ ಲೈಕ್ ಒತ್ತೋದನ್ನ ನಾನು ನಿಲ್ಲಿಸಿದ್ದೀನಿ.

ಊರ ಕಡೆ ಇರೋ ಬ್ಲಾಗಿಗರಿಗೆ ಇದು ಬೆಂಗಳೂರಿನ ರಗಳೆ ಅನ್ನಿಸಬಹುದು. ನಿಮ್ಮ ಕಡೆ ಕೆಂಪು ಬಿಟರ್ನ್ ಭತ್ತದ ಗದ್ದೆಯಲ್ಲೇ ಇರುತ್ತೆ, ಮಂಡ್ಯವಾಗಲಿ ಕರಾವಳಿಯಾಗಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಅಳಿವಿನ ಅಂಚಿಗೆ ಬಂದ ಅಲ್ಲಿನ ಬಿಟರ್ನ್‌ಗಳು ನೂರಾರು ಸಂಖ್ಯೆಯಲ್ಲಿ ಭತ್ತದ ಗದ್ದೆಗಳಲ್ಲಿ ಗೂಡು ಕಟ್ಟುತ್ತವೆ ಅಂತ ಅಲ್ಲಿನ ರೈತರೂ ಹಕ್ಕಿ ತಜ್ಞರೂ ಸೇರಿಕೊಂಡೇ ಪತ್ತೆ ಮಾಡಿದರು. ಬೇಗ ನೀರು ನಿಲ್ಲಿಸಿ, ತಡವಾಗಿ ಬಸಿದರೆ ಮರಿಗಳು ಹಾರೋ ತನಕ ಸಮಯ ಸಿಗುತ್ತೆ ಅನ್ನೋದು ಅವರು ಕಂಡುಕೊಂಡ ಲೆಕ್ಕ. ನಮ್ಮ ಗದ್ದೆಗಳಲ್ಲಿ ಆ ಲೆಕ್ಕ ಹೇಗಿದೆ? ಬದುವಿನ ಮೇಲೆ ದಿನಾ ಓಡಾಡೋರು ಬರೆದರೆ ನಾನು ಮೊದಲ ಓದುಗ.

ಹತ್ತಿರ ಕೆರೆ ಇರೋರು ಈ ಮಳೆಗಾಲದಲ್ಲಿ ಒಂದು ಸಂಜೆ ಐದೂವರೆಗೆ ಹೋಗಿ. ಏರಿ ಮೇಲೆ ಬೇಡ, ನೀರು ಒಳಬರೋ ಕಡೆ, ಜೊಂಡಿನಿಂದ ಇಪ್ಪತ್ತು ಮೀಟರ್ ದೂರ. ಅಲುಗಾಡದೆ ಅರ್ಧ ಗಂಟೆ ನಿಂತುಕೊಳ್ಳಿ. ಜೊಂಡಿನ ಮೇಲೆ ಏನಾದರೂ ಹಾರಿದರೆ ರೆಕ್ಕೆ ಮಾತ್ರ ನೋಡಿ. ಬಿಳೀನಾ, ಎರಡು ಬಣ್ಣಾನಾ, ಹೆಂಚಾ, ಕಪ್ಪಾ. ತಾರೀಖು, ಕೆರೆಯ ಹೆಸರು, ಎಷ್ಟು ಹೊತ್ತು ನಿಂತಿದ್ರಿ ಅನ್ನೋದನ್ನ ಬರೆದಿಡಿ. ಏನೂ ಕಾಣದಿದ್ದರೂ ಬರೆದಿಡಿ, ಅರ್ಧ ಗಂಟೆ ನಿಂತು ಕಾಣಲಿಲ್ಲ ಅಂತ. ಮುಂದಿನ ಸಲ ಸಭೆಯಲ್ಲಿ "ಎಲ್ಲಿದೆ ತೋರಿಸು" ಅಂದಾಗ ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಆದರೂ ಇರಲಿ.